ಗಂಟಲಿನ ಸಂವೇದನೆಯ ಪರೀಕ್ಷೆ: ಒಂದು ವಿಮರ್ಶೆ

ನುಂಗಲು ಕಷ್ಟಪಡುವ ರೋಗಿಯ ಗಂಟಲಿನ ಹಿಂಗೋಡೆಯನ್ನು ಕಡ್ಡಿಯಿಂದ ಮುಟ್ಟಿ, ಓಕರಿಕೆ ಬಂದರೆ ಸಂವೇದನೆಯುಂಟು, ಬಾರದಿದ್ದರೆ ಇಲ್ಲವೆಂದು ನಿರ್ಣಯಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಸ್ಪರ್ಶವನ್ನು ಅರಿಯುವುದನ್ನೂ ಸ್ಪರ್ಶಕ್ಕೆ ಓಕರಿಸುವುದನ್ನೂ ಒಂದೆಂದೆಣಿಸುವ ಈ ಪದ್ಧತಿ ಸಮಂಜಸವೆಂದು ನಮಗೆ ತೋರುವುದಿಲ್ಲ. ಡೇವೀಸ್ ಮತ್ತು ಸಂಗಡಿಗರು 1995ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಆರೋಗ್ಯವಂತರಾದ 140 ಮಂದಿಯ ಪೈಕಿ ಶೇಕಡ 37ರಷ್ಟು ಜನರಿಗೆ ಓಕರಿಕೆಯೇ ಬರಲಿಲ್ಲ. ಸ್ಪರ್ಶವು ತಿಳಿಯದೆ ಹೋದದ್ದು ಒಬ್ಬರಿಗೆ ಮಾತ್ರ.

2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನುಳಿದ ಐದು ತಾಲ್ಲೂಕುಗಳನ್ನು, ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನು ಮನಸ್ಸಿನಲ್ಲಿಟ್ಟು ಈ ವಿಷಯವನ್ನು ನೋಡೋಣ. ನೀರು ದಾರಿ ತಪ್ಪಿದರೆ ಕನ್ನಡಿಗರು 'ನೆತ್ತಿಗೆ ಹತ್ತಿತು' ಎನ್ನುತ್ತಾರೆ. ಈ ನುಡಿಯೊಳಗೆ ಕೆಮ್ಮು ಅಡಗಿದೆ. ಕೆಮ್ಮದವನಿಗೆ ನೆತ್ತಿಗೆ ಹತ್ತಿತೆಂದು ಯಾರೂ ಹೇಳರು. ಪಾರ್ಶ್ವವಾಯುವಿನಿಂದ ಗಂಟಲಿನ ಅರಿವು ಕುಂದಿದವನಲ್ಲಿಯಾದರೋ ನೀರು ಶ್ವಾಸನಾಳಕ್ಕಿಳಿದರೂ ಕೆಮ್ಮು ಏಳದಿರಬಹುದು. 'ಈಗ ನೆತ್ತಿಗೆ ಹತ್ತುವುದಿಲ್ಲ' ಎಂದು ಮನೆಯವರು ಸಮಾಧಾನಪಟ್ಟು ಅಂಬಲಿಯನ್ನೋ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನೋ ಕೊಡುತ್ತ ಹೋಗುತ್ತಾರೆ. ಕೆಲವು ದಿನಗಳಲ್ಲಿ ಜ್ವರ, ನ್ಯುಮೋನಿಯ. ವೈದ್ಯನ ಪ್ರಶ್ನೆಯೂ ಅದೇ ಮಾತಿನಲ್ಲಿದ್ದರೆ ಉತ್ತರವು ರೋಗವನ್ನು ಮುಚ್ಚಿಹಾಕುತ್ತದೆ.

ಅಮೆರಿಕದ ಜೊನಾಥನ್ ಏವಿವ್ ಅವರು 1990ರ ದಶಕದಲ್ಲಿ ಬಳಕೆಗೆ ತಂದ ವಿಧಾನದಲ್ಲಿ, ಮೂಗಿನ ಮೂಲಕ ಇಳಿಸಿದ ದರ್ಶಕದಿಂದ ಧ್ವನಿಪೆಟ್ಟಿಗೆಯ ಬಳಿ ಗಾಳಿಯ ಮಿಡಿತವನ್ನು ಬಿಟ್ಟು, ಎಷ್ಟು ಒತ್ತಡಕ್ಕೆ ಅರಿವು ಹುಟ್ಟುವುದೆಂದು ಅಳೆಯುತ್ತಾರೆ. ಇದು ಸಲ್ಲಬೇಕಾದ ಸ್ಥಳವನ್ನೇ ಮುಟ್ಟುತ್ತದೆ. ಆದರೆ ಉಪಕರಣವೂ ನುರಿತ ಕೈಯೂ ಬೇಕು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗಳಿಗೆ ಪ್ರತ್ಯೇಕ ಏರ್ಪಾಡುಂಟು. ಹರಪನಹಳ್ಳಿಯಲ್ಲಿ ಹಾಸಿಗೆ ಹಿಡಿದವನಿಗೆ ಆ ದಾರಿ ಸಣ್ಣದಲ್ಲ.

ತಾಲ್ಲೂಕು ಆಸ್ಪತ್ರೆಗೆ ಹತ್ತಿಯ ಕಡ್ಡಿಯೇ ಸಾಕು, ಬಳಸುವ ಕ್ರಮ ಬದಲಾಗಬೇಕು. ಕಣ್ಣು ಮುಚ್ಚಿಸಿ ಎಡಬಲಗಳನ್ನು ಬೇರೆಬೇರೆಯಾಗಿ ಮುಟ್ಟಿ, ತಿಳಿದರೆ ಕೈಯೆತ್ತಲು ಹೇಳಬೇಕು. ಮಾತು ಆಡಲಾರದವನೂ ಹೇಳಿದ್ದು ತಿಳಿದರೆ ಕೈಯೆತ್ತಬಲ್ಲನು. ಕಡ್ಡಿಯು ಧ್ವನಿಪೆಟ್ಟಿಗೆಯವರೆಗೆ ಇಳಿಯದು; ಆದುದರಿಂದ ಉತ್ತರ ಸರಿಯಿದ್ದರೂ ಅಲ್ಲಿಗೇ ನಿಲ್ಲದೆ, ರೋಗಿಯನ್ನು ನೆಟ್ಟಗೆ ಕೂರಿಸಿ, ಒಂದು ಚಮಚ ನೀರು ಕೊಟ್ಟು, ಬಳಿಕ ಅವನ ದನಿಯನ್ನು ಆಲಿಸಬೇಕು. ಮೌನವಾಗಿ ಇಳಿದ ನೀರು ಇಲ್ಲಿಯೂ ತಪ್ಪಿಸಿಕೊಳ್ಳಬಹುದೆಂಬುದರಿಂದ, ಅರಿವು ಕುಂದಿದವನನ್ನು ಮುಂದಿನ ಪರೀಕ್ಷೆಗೆ ಕಳುಹಿಸುವುದೇ ಸರಿ. ಮನೆಯವರನ್ನು ಕೇಳಬೇಕಾದ ಮಾತೂ ಬೇರೆ: ಉಂಡ ಮೇಲೆ ದನಿ ಗೊರಗೊರ ಎನ್ನುತ್ತದೆಯೆ, ಸಂಜೆ ಜ್ವರ ಕಾಣುತ್ತದೆಯೆ?