ಮೊದಲ ವರ್ಷದ ಖರ್ಚು ಯಾರ ತಲೆಯ ಮೇಲೆ?

ವೃತ್ತಿಪರ ಗಾಲ್ಫ್‌ನಲ್ಲಿ ಆಯ್ಕೆ ಸಮಿತಿ ಎಂಬುದಿಲ್ಲ. ಈ ಆಟದ ಬಗ್ಗೆ ಮೊದಲು ಹೇಳಬೇಕಾದ ಒಳ್ಳೆಯ ಮಾತು ಇದೇ. ಕ್ರಿಕೆಟ್‌ನಲ್ಲಿ ರನ್ನುಗಳ ರಾಶಿ ಹಾಕಿದವನೂ ಯಾರದೋ ಕಣ್ಣಿಗೆ ಬೀಳಲು ಕಾಯಬೇಕು. ಗಾಲ್ಫ್ ಆಟಗಾರ ಹಾಗೆ ಕಾಯಬೇಕಾಗಿಲ್ಲ. ಕ್ಯೂ ಸ್ಕೂಲ್ ಎಂಬ ಅರ್ಹತಾ ಸ್ಪರ್ಧೆಗೆ ಶುಲ್ಕ ಕಟ್ಟಿ ಆಡುತ್ತಾನೆ. ಪಟ್ಟಿಯಲ್ಲಿ ಹೆಸರು ಸಾಕಷ್ಟು ಮೇಲಿದ್ದರೆ ಮುಂದಿನ ಸೀಸನ್ನಿನ ಟೂರ್ ಕಾರ್ಡ್ ಕೈಗೆ ಬರುತ್ತದೆ. ಯಾರ ಮಗ, ಯಾವ ಊರು ಎಂದು ಕೇಳುವವರಿಲ್ಲ. 2006ರಲ್ಲಿ ಶುರುವಾದ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ, ಆಟಗಾರರ ಬಾಯಲ್ಲಿ ಪಿಜಿಟಿಐ, ನಡೆದುಕೊಂಡು ಬಂದಿರುವುದೂ ಹೀಗೆಯೇ. ಅದರ ವರ್ಷದ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆದವನಿಗೆ ಈಗ ಯುರೋಪಿನ ಡಿಪಿ ವರ್ಲ್ಡ್ ಟೂರ್‌ನಲ್ಲಿ ಆಡುವ ಹಕ್ಕೂ ಸಿಗುತ್ತದೆ. ಇಷ್ಟರ ಮಟ್ಟಿಗೆ ಈ ಪದ್ಧತಿಯನ್ನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರು ಶುರುವಾಗುವುದು ಕಾರ್ಡ್ ಕೈಗೆ ಬಂದ ಮರುದಿನದಿಂದ.

ಒಂದು ಸ್ಪರ್ಧೆ ಸಾಮಾನ್ಯವಾಗಿ ನಾಲ್ಕು ದಿನದ್ದು, 72 ಹೋಲ್‌ಗಳದ್ದು. ಸುಮಾರು 120 ಮಂದಿ ಆಟ ಶುರು ಮಾಡುತ್ತಾರೆ. ಎರಡು ದಿನ ಮುಗಿಯುವಾಗ ಮೊದಲ 50 ಮಂದಿ ಮತ್ತು ಐವತ್ತನೆಯವನಷ್ಟೇ ಹೊಡೆತಗಳಲ್ಲಿ ಮುಗಿಸಿದವರು ಉಳಿಯುತ್ತಾರೆ, ಮಿಕ್ಕವರು ಗಂಟುಮೂಟೆ ಕಟ್ಟುತ್ತಾರೆ. ಇದಕ್ಕೆ ಕಟ್ ಎಂದು ಹೆಸರು. ಕಟ್ ತಪ್ಪಿದವನಿಗೆ ಬಹುಮಾನದ ಹಣದಲ್ಲಿ ಪಾಲಿಲ್ಲ. ಒಂದು ಕೋಟಿ ರೂಪಾಯಿಯ ಸ್ಪರ್ಧೆಯಾದರೆ ಗೆದ್ದವನಿಗೆ 15 ಲಕ್ಷ. ಕಟ್ ದಾಟಿಯೂ ಕೊನೆಯಲ್ಲಿ ನಿಂತವನಿಗೆ ಅದರ ತೀರಾ ಚಿಕ್ಕ ಚೂರು. ಖರ್ಚು ಮಾತ್ರ ಇಬ್ಬರಿಗೂ ಒಂದೇ. ಈ ವಾರ ಚಂಡೀಗಢ, ಇನ್ನೊಂದು ವಾರ ಜಮ್ಶೆಡ್‌ಪುರ, ಆಮೇಲೆ ಕೋಲ್ಕತ್ತ. ವಿಮಾನ ಅಥವಾ ರೈಲಿನ ಟಿಕೆಟ್, ರೂಮು, ಊಟ, ಚೀಲ ಹೊರುವ ಕ್ಯಾಡಿಯ ವಾರದ ಸಂಬಳ, ಕೋಚ್‌ಗೆ ಕೊಡಬೇಕಾದದ್ದು.

ಹಣದ ಅಂತರ ಆಟದೊಳಗೆ ನುಸುಳುವುದು ಇಲ್ಲಿಯೇ. ಕೈಯಲ್ಲಿ ಕಾಸಿರುವ ಹೊಸಬ ಎರಡು ಮೂರು ದಿನ ಮೊದಲೇ ಬಂದು ಮೈದಾನ ನಡೆದು ನೋಡುತ್ತಾನೆ, ಗ್ರೀನ್ ಎತ್ತ ವಾಲುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಾನೆ. ತನ್ನ ಹೊಡೆತ, ತನ್ನ ಸಿಟ್ಟು ಎರಡನ್ನೂ ಬಲ್ಲ ಒಬ್ಬ ಕ್ಯಾಡಿಯನ್ನು ವರ್ಷಪೂರ್ತಿ ಜೊತೆಗಿಟ್ಟುಕೊಳ್ಳುತ್ತಾನೆ. ಕಾಸಿಲ್ಲದವನು ಹಿಂದಿನ ದಿನ ಬಂದು ಇಳಿಯುತ್ತಾನೆ, ಆಯಾ ಕ್ಲಬ್ಬಿನ ಕ್ಯಾಡಿಯನ್ನು ಆ ವಾರದ ಮಟ್ಟಿಗೆ ಹಿಡಿಯುತ್ತಾನೆ. ಆ ಕ್ಯಾಡಿಗೆ ನೆಲ ಗೊತ್ತು, ಆಟಗಾರ ಗೊತ್ತಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ರೂಮಿನ ಬಾಡಿಗೆಗಾಗಿ ಕಟ್ ದಾಟಲೇಬೇಕಾದವನು ಗೆಲ್ಲುವುದಕ್ಕೆ ಆಡುವುದಿಲ್ಲ, ಐವತ್ತನೆಯವನಾಗುವುದಕ್ಕೆ ಆಡುತ್ತಾನೆ. ನೀರು ದಾಟಿಸಿ ನೇರ ಗ್ರೀನ್‌ಗೆ ಹೊಡೆಯಬಲ್ಲ ತೋಳು ಅವನಿಗಿದ್ದರೂ ನೀರಿನ ಈಚೆಗೇ ಚೆಂಡು ಇಳಿಸುತ್ತಾನೆ. ಒಂದು ವರ್ಷ ಹೀಗೆ ಆಡಿದ ಮೇಲೆ ಅದೇ ಅವನ ಆಟವಾಗಿಬಿಡುತ್ತದೆ.

ಕಷ್ಟಪಟ್ಟರೇ ಗಟ್ಟಿಯಾಗುತ್ತಾರೆ ಎನ್ನುವವರು ಸಿ. ಮುನಿಯಪ್ಪ ಅವರ ಹೆಸರು ಹೇಳುತ್ತಾರೆ. ಬೆಂಗಳೂರಿನಲ್ಲಿ ಬೇರೆಯವರ ಚೀಲ ಹೊತ್ತು ಆಟ ಕಲಿತ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಪ್ಲೇಆಫ್‌ನಲ್ಲಿ ಕೊರಿಯಾದ ಆಟಗಾರನನ್ನು ಸೋಲಿಸಿದ ಆ ಗೆಲುವು ಕರ್ನಾಟಕದ ಕ್ರೀಡಾ ಚರಿತ್ರೆಯಲ್ಲಿ ಇಂದಿಗೂ ಪಡೆಯಬೇಕಾದ ಜಾಗವನ್ನು ಪಡೆದಿಲ್ಲ. ಆದರೆ ಅದರಿಂದ ಪದ್ಧತಿ ಸರಿಯಿದೆ ಎಂದು ಸಾಧಿಸಲಾಗದು. ಆ ಹೊತ್ತಿಗೆ ಮುನಿಯಪ್ಪ ಹೊಸಬರಾಗಿರಲಿಲ್ಲ. ಒಂದು ದೊಡ್ಡ ವಾರಕ್ಕಾಗಿ ಅವರು ಎಷ್ಟೋ ವರ್ಷ ಕಾದಿದ್ದರು.

ಎಸ್. ಚಿಕ್ಕರಂಗಪ್ಪ ಅವರ ಕಥೆ ನನಗೆ ಹೆಚ್ಚು ಪಾಠ ಹೇಳುತ್ತದೆ. ಬಿಡದಿ ಬಳಿಯ ಈಗಲ್‌ಟನ್ ರೆಸಾರ್ಟಿನ ಪಕ್ಕದ ಹಳ್ಳಿಯ ಹುಡುಗ. ಚೆಂಡು ಹೆಕ್ಕುವ ಕೆಲಸದಿಂದ ಮೈದಾನದೊಳಗೆ ಕಾಲಿಟ್ಟವನು ಕೋಚ್ ವಿಜಯ್ ದಿವೇಚ ಅವರ ಕಣ್ಣಿಗೆ ಬಿದ್ದ. ಗಾಲ್ಫ್ ಆಟಗಾರ ಅನಿರ್ಬಾನ್ ಲಾಹಿರಿಯವರನ್ನು ತಿದ್ದಿದ ಅದೇ ದಿವೇಚ. ಆ ಹುಡುಗ ಮುಂದೆ ದೇಶದ ಮುಂಚೂಣಿಯ ಹವ್ಯಾಸಿ ಆಟಗಾರನಾದ, ಆಮೇಲೆ ವೃತ್ತಿಪರನಾಗಿ ಗೆದ್ದ. ಪ್ರತಿಭೆ ಅವನದೇ, ಸಂದೇಹವಿಲ್ಲ. ಆದರೆ ಮನೆಯ ಪಕ್ಕದಲ್ಲೇ ಮೈದಾನ, ಅಲ್ಲಿ ಒಳಗೆ ಬಿಡುವ ಮನಸ್ಸು, ಕೈ ಹಿಡಿದ ಗುರು ಮೂರೂ ಒಟ್ಟಿಗೆ ಒದಗಿದ್ದರಿಂದಲೇ ಆ ಪ್ರತಿಭೆ ಬೆಳಕಿಗೆ ಬಂತು. ಅದೃಷ್ಟ ಮಾಡಿದ ಕೆಲಸವನ್ನು ವ್ಯವಸ್ಥೆ ಮಾಡಬೇಕು ಎಂಬುದೇ ನನ್ನ ವಾದ.

ಬೆಂಬಲವಿರುವ ಹೊಸಬರ ಮೊದಲ ವರ್ಷ ಹೇಗಿರುತ್ತದೆ ಎಂಬುದಕ್ಕೆ ಅದಿತಿ ಅಶೋಕ್ ಸಾಕ್ಷಿ. 2015ರ ಕೊನೆಗೆ ಮೊರೊಕ್ಕೊದಲ್ಲಿ ಯುರೋಪಿನ ಮಹಿಳಾ ಟೂರಿನ ಕ್ಯೂ ಸ್ಕೂಲ್ ಗೆದ್ದಾಗ ಆಕೆಗೆ 17 ವರ್ಷ. 2016ರ ಜನವರಿಯಲ್ಲಿ ವೃತ್ತಿಪರಳಾದಳು. ಆ ವರ್ಷವೇ ರಿಯೊ ಒಲಿಂಪಿಕ್ಸ್, ನವೆಂಬರಿನಲ್ಲಿ ಮಹಿಳಾ ಇಂಡಿಯನ್ ಓಪನ್, ಬೆನ್ನಿಗೇ ಕತಾರ್ ಓಪನ್, ಕೊನೆಗೆ ವರ್ಷದ ಶ್ರೇಷ್ಠ ಹೊಸ ಆಟಗಾರ್ತಿ ಎಂಬ ಪ್ರಶಸ್ತಿ. ರಿಯೊದಲ್ಲಿ ಅವಳ ಚೀಲ ಹೊತ್ತವರು ತಂದೆ. ಒಂದೇ ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವಳಾದ ಟೋಕಿಯೊದಲ್ಲಿ ತಾಯಿ. ಮಗಳ ಆಟಕ್ಕಾಗಿ ಒಂದು ಇಡೀ ಮನೆ ದೇಶದಿಂದ ದೇಶಕ್ಕೆ ತಿರುಗಿತು. ಅವಳ ಸಾಧನೆಯ ತೂಕ ಇದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಎಷ್ಟು ಮನೆಗಳಿಗೆ ಹಾಗೆ ತಿರುಗಲು ಸಾಧ್ಯ?

ಮಂಗಳೂರಿನವರಿಗೆ ಈ ಪ್ರಶ್ನೆ ಅರ್ಥವಾಗಲು ಕಂಬಳವನ್ನು ನೆನೆದರೆ ಸಾಕು. ನವೆಂಬರಿನಿಂದ ಬೇಸಗೆಯವರೆಗೆ ಕರಾವಳಿಯುದ್ದಕ್ಕೂ ವಾರದಿಂದ ವಾರಕ್ಕೆ ಸಾಗುವ ಅದೂ ಒಂದು ಟೂರ್. ನಮ್ಮ ಬಂಗ್ರಕೂಳೂರಿನ ರಾಮ-ಲಕ್ಷ್ಮಣ ಜೋಡುಕರೆ ಕಂಬಳ ಅದರ ಒಂದು ನಿಲ್ದಾಣ. ಅಲ್ಲಿ ಕೋಣ ಸಾಕುವ ಖರ್ಚು, ಹುರುಳಿ, ಆರೈಕೆ, ಸಾಗಾಟ ಎಲ್ಲ ಕೋಣದ ಯಜಮಾನರ ಮನೆಯದು. ಓಡಿಸುವವನಿಗೆ ಮಾತಾದ ಸಂಭಾವನೆ ಇದೆ. ಪದಕದ ಚಿನ್ನ ಯಜಮಾನರಿಗೆ ಹೋಗುತ್ತದೆ ನಿಜ, ಓಟಗಾರನಿಗೆ ಇನ್ನೂ ನ್ಯಾಯವಾದ ಪಾಲು ಸಿಗಬೇಕು ಎಂಬುದೂ ನಿಜ. ಆದರೂ ಮೊದಲ ಸೀಸನ್ನಿನ ಓಟಗಾರ ಓಟ ಮುಗಿಯುವ ಮಂಜೊಟ್ಟಿಯಲ್ಲಿ ಸೋತರೆ ಮನೆಯ ಜಾಗ ಅಡವಿಡುವ ಪ್ರಸಂಗ ಬರುವುದಿಲ್ಲ. ಸೋಲಿನ ಭಾರ ಹೊರಬಲ್ಲವನು ಹೊರುತ್ತಾನೆ. ಗಾಲ್ಫ್‌ನಲ್ಲಿ ಇಡೀ ಭಾರ ಎಲ್ಲರಿಗಿಂತ ಎಳೆಯನ ಹೆಗಲ ಮೇಲೆ.

ಬದಲಾಯಿಸಲು ಬಾರದ ನಿಯಮ ಇದೆಂದು ಯಾರೂ ಹೇಳುವಂತಿಲ್ಲ. ಜಗತ್ತಿನ ಅತ್ಯಂತ ಶ್ರೀಮಂತ ಟೂರ್ ಆದ ಅಮೆರಿಕದ ಪಿಜಿಎ ಟೂರ್ 2022ರಲ್ಲಿ ತನ್ನ ಪೂರ್ಣ ಸದಸ್ಯರಿಗೆ ವರ್ಷಕ್ಕೆ ಕನಿಷ್ಠ 5 ಲಕ್ಷ ಡಾಲರ್ ಖಾತರಿ ಪ್ರಕಟಿಸಿತು. ಹೊಸಬರಿಗೆ ಆ ಹಣ ಸೀಸನ್ನಿನ ಆರಂಭದಲ್ಲೇ ಮುಂಗಡವಾಗಿ ಸಿಗುವಂತೆ ಮಾಡಿತು. ಸ್ವಲ್ಪ ಸಮಯದಲ್ಲೇ ಡಿಪಿ ವರ್ಲ್ಡ್ ಟೂರ್ ಕೂಡ ನಿಗದಿತ ಸಂಖ್ಯೆಯ ಸ್ಪರ್ಧೆ ಆಡಿದವರಿಗೆ 1.5 ಲಕ್ಷ ಡಾಲರ್ ಖಾತರಿ ನೀಡಿತು. ಲಿವ್ ಗಾಲ್ಫ್ ಎಂಬ ಎದುರಾಳಿ ಟೂರಿನ ಪೈಪೋಟಿ ಬರದಿದ್ದರೆ ಇಷ್ಟು ಬೇಗ ಕೈ ಬಿಚ್ಚುತ್ತಿದ್ದರೇ ಎಂಬ ಅನುಮಾನ ನನಗಿದೆ. ಕಾರಣ ಏನೇ ಇರಲಿ, ಹೊಸಬನ ಖರ್ಚು ಟೂರಿನ ಹೊಣೆಯೂ ಹೌದು ಎಂದು ಅವರು ಒಪ್ಪಿದ ಹಾಗಾಯಿತು. ಪಿಜಿಟಿಐ 2024ರಲ್ಲಿ ನೆಕ್ಸ್‌ಜೆನ್ ಎಂಬ ಎರಡನೆಯ ಹಂತದ ಟೂರ್ ಆರಂಭಿಸಿದ್ದು ಒಳ್ಳೆಯದೇ. ಆದರೆ ಆಡಲು ಇನ್ನಷ್ಟು ಸ್ಪರ್ಧೆಗಳಿದ್ದರೆ ಸಾಲದು. ಆಡಲು ಹೋಗಿಬರುವ ದಾರಿಯ ಖರ್ಚೂ ಇದೆ.

ಇನ್ನು ನಮ್ಮೂರು. ಪಿಲಿಕುಳದ ನಿಸರ್ಗಧಾಮದ ಆವರಣದಲ್ಲಿ ಒಂಬತ್ತು ಹೋಲ್‌ಗಳ ಗಾಲ್ಫ್ ಮೈದಾನವಿದೆ. ಟೂರಿನ ಆಟಕ್ಕೆ ಬೇಕಾದ ಹದಿನೆಂಟು ಇಲ್ಲಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಅಭ್ಯಾಸಕ್ಕೆ ಬಿಡುವುದೂ ಕಷ್ಟ. ಇಲ್ಲಿಂದ ವೃತ್ತಿಪರನಾಗಬೇಕೆಂದವನು ಬೆಂಗಳೂರಿಗೋ ಮೈಸೂರಿಗೋ ಹೋಗಲೇಬೇಕು. ಆದರೆ ಆಟದ ಆಸೆ ಹುಟ್ಟಲು ಒಂಬತ್ತು ಹೋಲ್ ಸಾಕು. ಹಿಂದೆ ಈ ಊರಲ್ಲಿ ಹುಟ್ಟಿದ ಬ್ಯಾಂಕುಗಳು ಆಟಗಾರರಿಗೆ ಕೆಲಸ ಕೊಟ್ಟು ಸಾಕಿದ್ದನ್ನು ನಾವು ಕಂಡಿದ್ದೇವೆ. ವಿಜಯಾ ಬ್ಯಾಂಕಿನ ಬಾಸ್ಕೆಟ್‌ಬಾಲ್ ತಂಡ ಹಲವರಿಗೆ ನೆನಪಿರಬಹುದು. 2019ರಲ್ಲಿ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡದೊಳಗೆ ಸೇರಿಹೋಯಿತು. ತಿಂಗಳ ಸಂಬಳದ ನೆಮ್ಮದಿಯಲ್ಲಿ ಆಡುವ ಆ ದಾರಿ ಟೂರಿನ ಗಾಲ್ಫ್ ಆಟಗಾರನಿಗೆ ಹೊಂದುವುದೂ ಇಲ್ಲ, ಅವನು ವರ್ಷದ ಬಹುಪಾಲು ಊರಲ್ಲೇ ಇರುವುದಿಲ್ಲ. ಅವನಿಗೆ ಬೇಕಾದದ್ದು ಎರಡು ಅಥವಾ ಮೂರು ಸೀಸನ್ನಿನ ದಾರಿಖರ್ಚು, ಕಟ್ ತಪ್ಪಿದರೂ ನಿಲ್ಲದಂಥದ್ದು.

ಗೆದ್ದವರಿಗೆ ಶಾಲು ಹೊದಿಸಲು ನಮ್ಮ ಸಂಘಸಂಸ್ಥೆಗಳು, ಉದ್ಯಮಿಗಳು ಎಂದೂ ಹಿಂದೆ ಬಿದ್ದಿಲ್ಲ. ಆ ಹಣದಲ್ಲಿ ಒಂದು ಪಾಲನ್ನು ಇನ್ನೂ ಏನೂ ಗೆಲ್ಲದವನಿಗಾಗಿ ತೆಗೆದಿಡಿ. ವಾರದಲ್ಲಿ ಒಂದು ದಿನವಾದರೂ ಪಿಲಿಕುಳದ ಮೈದಾನವನ್ನು ವಾಮಂಜೂರು, ಮೂಡುಶೆಡ್ಡೆಯ ಶಾಲಾಮಕ್ಕಳಿಗೆ ತೆರೆದುಕೊಡಿ, ಕೈಗೆ ಹಳೆಯ ಕ್ಲಬ್ಬುಗಳನ್ನೇ ಕೊಟ್ಟರೂ ಸಾಕು.