‘ಪಿಕ್ ಅಪ್’ ಒಂದು ಪದವೇ? ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ಪ್ರಶ್ನೆಯ ವಿಮರ್ಶೆ

ಕನ್ನಡ ಬಲ್ಲವರಿಗಾಗಿ ಬರೆದ ಇಂಗ್ಲಿಷ್ ಅಭ್ಯಾಸ ಪುಸ್ತಕಗಳಲ್ಲಿ ಫ್ರೇಸಲ್ ವರ್ಬ್‌ಗಳ ನಿರೂಪಣೆ ಬಹುಮಟ್ಟಿಗೆ ಒಂದೇ ಬಗೆಯದು. ಎಡಗಡೆ ‘ಪಿಕ್ ಅಪ್’, ಬಲಗಡೆ ‘ಎತ್ತಿಕೊಳ್ಳು’, ಕೆಳಗೆ ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ಸೂಚನೆ. ‘ಶಿ ಪಿಕ್ಡ್ ಅಪ್ ದ ಬುಕ್’ ಎಂದು ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ದೊರೆಯುತ್ತದೆ. ಅದೇ ವಿದ್ಯಾರ್ಥಿ ಮಾತಿನಲ್ಲಿ ‘ಐ ವಿಲ್ ಪಿಕ್ ಅಪ್ ಯೂ ಅಟ್ ಸಿಕ್ಸ್’ ಎಂದಾಗ ಆ ಅಂಕ ಏನನ್ನು ಅಳೆದಿತ್ತೆಂಬ ಪ್ರಶ್ನೆ ಏಳುತ್ತದೆ. ಇದನ್ನು ಬೋಧನೆಯ ಅಲಕ್ಷ್ಯವೆಂದು ತಳ್ಳಿಹಾಕುವುದು ಸುಲಭ. ನಮ್ಮ ದೃಷ್ಟಿಯಲ್ಲಿ ಇದರ ಹಿಂದೆ ಒಂದು ವ್ಯಾಕರಣ ಸಿದ್ಧಾಂತವೇ ಅಡಗಿದೆ: ‘ಪಿಕ್ ಅಪ್’ ಎಂಬುದು ಪದಕೋಶದ ಒಂದು ಘಟಕ, ಅದರ ಅರ್ಥ ತಿಳಿದರೆ ಬಳಕೆ ತಾನಾಗಿ ಒದಗುತ್ತದೆ ಎಂಬ ಸಿದ್ಧಾಂತ.

‘ಫ್ರೇಸಲ್ ವರ್ಬ್’ ಎಂಬ ಹೆಸರೇ ಈ ಭಾವನೆಗೆ ಇಂಬು ಕೊಟ್ಟಿದೆ. 1925ರಲ್ಲಿ ಲೋಗನ್ ಪಿಯರ್‌ಸಾಲ್ ಸ್ಮಿತ್ ತಮ್ಮ ಗ್ರಂಥದಲ್ಲಿ ಈ ಹೆಸರನ್ನು ಬಳಸಿದರು. ಅದನ್ನು ಸೂಚಿಸಿದವರು ಹೆನ್ರಿ ಬ್ರಾಡ್ಲಿ ಎಂದೂ ಅವರು ಹೇಳಿಕೊಂಡಿದ್ದಾರೆ. 2002ರ ಕೇಂಬ್ರಿಜ್ ವ್ಯಾಕರಣದಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಮ್ ಈ ಹೆಸರನ್ನು ಬುದ್ಧಿಪೂರ್ವಕವಾಗಿ ಕೈಬಿಟ್ಟರು. ಅರ್ಥ ನುಡಿಗಟ್ಟಿನಂತೆ ಅಖಂಡವಾಗಿದ್ದರೂ ‘ಪಿಕ್’ ಮತ್ತು ‘ಅಪ್’ ಕೂಡಿ ಒಂದು ವಾಕ್ಯಘಟಕವಾಗುವುದಿಲ್ಲವೆಂಬುದು ಅವರ ನಿಲುವು. ‘ಪಿಕ್ ಇಟ್ ಅಪ್’ ಎಂಬಲ್ಲಿ ಕರ್ಮವು ನಡುವೆ ನಿಲ್ಲುವುದು ಮಾತ್ರವಲ್ಲ, ‘ಪಿಕ್ ಇಟ್ ರೈಟ್ ಅಪ್’ ಎಂಬಲ್ಲಿ ‘ಅಪ್’ಗೆ ತನ್ನದೇ ವಿಶೇಷಣವೂ ದೊರೆಯುತ್ತದೆ. ಒಂದೇ ಪದದ ಉತ್ತರಾರ್ಧಕ್ಕೆ ಈ ಸ್ವಾತಂತ್ರ್ಯ ಇರಲಾರದು. ಪಟ್ಟಿಯಲ್ಲಿ ಪಕ್ಕದಲ್ಲೇ ಇರುವ ‘ಲುಕ್ ಆಫ್ಟರ್’ನ ರಚನೆ ಬೇರೆ: ‘ಲುಕ್ ಆಫ್ಟರ್ ಹಿಮ್’ ಸರಿ, ‘ಲುಕ್ ಹಿಮ್ ಆಫ್ಟರ್’ ಅಸಾಧ್ಯ. ಅಲ್ಲಿನ ‘ಆಫ್ಟರ್’ ತನ್ನದೇ ಕರ್ಮವುಳ್ಳ ಪ್ರೆಪೊಸಿಷನ್. ಎರಡನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸುವ ಪುಸ್ತಕವು ವಿದ್ಯಾರ್ಥಿಗೆ ಅತ್ಯಗತ್ಯವಾದ ಭೇದವನ್ನೇ ಮುಚ್ಚಿಡುತ್ತದೆ.

ಉತ್ತಮ ಪುಸ್ತಕಗಳು ಒಂದು ಹೆಜ್ಜೆ ಮುಂದೆ ಹೋಗಿ ‘ಸರ್ವನಾಮವು ಮಧ್ಯದಲ್ಲಿ ಬರಬೇಕು’ ಎಂಬ ನಿಯಮ ಕೊಡುತ್ತವೆ. ನಿಯಮ ಉಪಯುಕ್ತ, ಆದರೆ ಅದು ಕಾರಣವನ್ನು ಹೇಳುವುದಿಲ್ಲ. ‘ಪಿಕ್ ಅಪ್ ಹಿಮ್ ಅಂಡ್ ಹಿಸ್ ಮದರ್’ ಎಂಬುದನ್ನು ಇಂಗ್ಲಿಷ್ ಮಾತೃಭಾಷಿಕರು ಒಪ್ಪುತ್ತಾರೆ. ‘ಹಿಮ್’ ಮೇಲೆ ವಿರೋಧಾರ್ಥಕ ಒತ್ತು ಬಿದ್ದರೆ ಅದು ಒಂಟಿಯಾಗಿಯೂ ಕೊನೆಗೆ ಸರಿಯಬಲ್ಲದು. ಹಾಗಿದ್ದರೆ ಇಲ್ಲಿ ಕೆಲಸ ಮಾಡುತ್ತಿರುವುದು ಸರ್ವನಾಮವೆಂಬ ಪದವರ್ಗಕ್ಕಿಂತ ಹೆಚ್ಚಾಗಿ ಅದರ ಲಘುತ್ವ ಮತ್ತು ಪೂರ್ವಜ್ಞಾತತ್ವ. ಬೋಲಿಂಜರ್ 1971ರಲ್ಲಿಯೇ ಒತ್ತಿನ ಪಾತ್ರಕ್ಕೆ ಗಮನ ಕೊಟ್ಟಿದ್ದರು. ಗ್ರೀಸ್ 2003ರ ಅಧ್ಯಯನದಲ್ಲಿ ಕರ್ಮದ ಉದ್ದ, ಸಂಕೀರ್ಣತೆ, ಅದು ಹಿಂದೆ ಪ್ರಸ್ತಾಪವಾಗಿದೆಯೇ ಎಂಬಂಥ ಹಲವು ಅಂಶಗಳನ್ನು ಒಟ್ಟಿಗೆ ತೂಗಿ ನೋಡಿದರು. ‘ವೇರ್ ಈಸ್ ದ ಪಾರ್ಸೆಲ್?’ ಎಂದು ಕೇಳಿದವರಿಗೆ ‘ಐ ಪಿಕ್ಡ್ ಇಟ್ ಅಪ್’ ಎನ್ನುವಾಗ ಪಾರ್ಸೆಲ್ ಇಬ್ಬರಿಗೂ ಗೊತ್ತಿರುವ ಸಂಗತಿ. ವಾಕ್ಯಾಂತ್ಯದ ಒತ್ತು ‘ಅಪ್’ಗೆ ಸಲ್ಲುತ್ತದೆ. ನಿನ್ನೆ ಧಾರವಾಡದಿಂದ ಬಂದ ಪಾರ್ಸೆಲ್ ಎಂದು ವಿಸ್ತರಿಸಿ ಹೇಳಬೇಕಾದರೆ ಆ ದೀರ್ಘ ಕರ್ಮ ‘ಅಪ್’ನ ಆಚೆಗೆ ಹೋಗುವುದೇ ಸಹಜ. ಈ ಆಯ್ಕೆ ನಡೆಯುವುದು ಸಂಭಾಷಣೆಯಲ್ಲಿ. ಹಿಂದುಮುಂದಿಲ್ಲದ ಒಂಟಿ ವಾಕ್ಯದಲ್ಲಿ ಅದನ್ನು ಪರೀಕ್ಷಿಸಲು ಆಸ್ಪದವೇ ಇಲ್ಲ.

ಕನ್ನಡಿಗರಿಗೆ ಈ ವಿಷಯ ಏಕೆ ತೊಡಕಾಗುತ್ತದೆ? ಪೂರ್ಣತೆಯ ಅರ್ಥ ಕೊಡುವ ‘ಅಪ್’ಗೆ ಹತ್ತಿರದ ಸಾಧನ ಕನ್ನಡದಲ್ಲಿ ‘ಬಿಡು’: ‘ಈಟ್ ಅಪ್’, ‘ತಿಂದುಬಿಡು’. ‘ಬಿಡು’ವಿನಲ್ಲಿ ಆಡುವವರ ಅಚ್ಚರಿ, ವಿಷಾದಗಳೂ ಸೇರಬಹುದಾದ್ದರಿಂದ ಇವು ಸಮಾನಾರ್ಥಕಗಳಲ್ಲ, ಆದರೂ ಹೋಲಿಕೆ ಬೋಧಪ್ರದ. ‘ತಿಂದೇಬಿಟ್ಟ’ ಎಂದು ‘ಏ’ಕಾರವನ್ನು ನಡುವೆ ತೂರಿಸಬಹುದು. ಕರ್ಮವನ್ನು ತೂರಿಸಿ ‘ತಿಂದು ಅದನ್ನು ಬಿಟ್ಟ’ ಎಂದರೆ ಪೂರ್ಣತೆಯ ಅರ್ಥ ಅಳಿದು, ಏನನ್ನೋ ತಿಂದ, ಅನಂತರ ಅದನ್ನು ತೊರೆದ ಎಂಬ ಎರಡು ಕ್ರಿಯೆಗಳು ಹೊಮ್ಮುತ್ತವೆ. ‘ಏಟ್ ಇಟ್ ಅಪ್’ನಲ್ಲಿ ಹಾಗಾಗದು. ಕನ್ನಡದ ಸಂಯುಕ್ತ ಕ್ರಿಯಾಪದವನ್ನು ಬಿಡಿಸಿದರೆ ಅರ್ಥ ಮುರಿಯುತ್ತದೆ, ಇಂಗ್ಲಿಷಿನದನ್ನು ಬಿಡಿಸಿದರೂ ಅರ್ಥ ಉಳಿಯುತ್ತದೆ. ‘ಎತ್ತಿಕೊಳ್ಳು’ ಎಂಬ ಅರ್ಥವಿವರಣೆ ತಾನೇ ಬಿಡಿಸಲಾಗದ ರೂಪವಾದ್ದರಿಂದ ಅದು ಓದುಗರನ್ನು ತಪ್ಪು ದಾರಿಗೆ ಎಳೆಯುತ್ತದೆ.

ಇದಕ್ಕೂ ಪ್ರಬಲವಾದ ಸೆಳೆತ ಕನ್ನಡದೊಳಗೇ ನೆಲೆಸಿರುವ ‘ಪಿಕಪ್’ನದು. ಸರಕು ಸಾಗಿಸುವ ಗಾಡಿ ಪಿಕಪ್, ಬೈಕಿನ ವೇಗವರ್ಧನೆ ಪಿಕಪ್, ಕಚೇರಿ ವಾಹನದ ವ್ಯವಸ್ಥೆ ಪಿಕಪ್–ಡ್ರಾಪ್. ಕ್ರಿಯೆ ಬೇಕಾದಾಗ ‘ಅವರನ್ನು ಪಿಕಪ್ ಮಾಡು’ ಎನ್ನುತ್ತೇವೆ. ಇಂಗ್ಲಿಷ್ ಪದಕ್ಕೆ ‘ಮಾಡು’ ಹಚ್ಚುವ ಈ ಮಾದರಿ ಕನ್ನಡದ ಭಾಷಾಮಿಶ್ರಣದಲ್ಲಿ ಸರ್ವವ್ಯಾಪಿ. ಇಲ್ಲಿ ‘ಪಿಕಪ್’ ನಿಜಕ್ಕೂ ಒಂದು ಪದ. ವಿಭಕ್ತಿ ಹೊತ್ತ ಕರ್ಮ ಅದರ ಹೊರಗೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ನಾಮಪದವಾದ ‘ಪಿಕಪ್’ಗೆ ಮೊದಲಕ್ಷರದ ಮೇಲೆ ಒತ್ತು, ಕ್ರಿಯಾರಚನೆಯಲ್ಲಿ ‘ಅಪ್’ಗೂ ತನ್ನದೇ ಒತ್ತು. ಒತ್ತಿನಿಂದ ಪದಭೇದ ಮಾಡದ ಕನ್ನಡದ ಕಿವಿಗೆ ಎರಡೂ ಒಂದೇ. ‘ಪಿಕ್ ಅಪ್ ಯೂ’ ಎನ್ನುವವರು ಇಂಗ್ಲಿಷ್ ನಿಯಮವನ್ನು ಮರೆತವರೆಂಬುದಕ್ಕಿಂತ ಕನ್ನಡದ ಎರವಲು ಪದವನ್ನು ಇಂಗ್ಲಿಷಿಗೆ ಮರಳಿ ಒಯ್ಯುತ್ತಿರುವವರೆಂಬುದು ನಮಗೆ ಹೆಚ್ಚು ಸಮಂಜಸವೆನಿಸುತ್ತದೆ.

ನಮ್ಮ ವಾದಕ್ಕೆ ಒಂದು ತೊಡಕೂ ಇದೆ. ಫೋನಿನ ವಿಷಯದಲ್ಲಿ ಇದೇ ಜನ ‘ಕಾಲ್ ಪಿಕ್ ಮಾಡಲಿಲ್ಲ’ ಎನ್ನುತ್ತಾರೆ. ಭಾರತೀಯ ಇಂಗ್ಲಿಷಿನಲ್ಲೂ ‘ಹಿ ಡಿಡ್ ನಾಟ್ ಪಿಕ್ ಮೈ ಕಾಲ್’, ‘ಐ ವಿಲ್ ಪಿಕ್ ಯೂ ಫ್ರಮ್ ದ ಸ್ಟೇಷನ್’ ಕೇಳಿಬರುತ್ತವೆ. ‘ಅಪ್’ ಇಲ್ಲಿ ಪೂರ್ತಿ ಮಾಯ. ಇತ್ತ ‘ಕೋಪ್ ಅಪ್ ವಿತ್’ ಎಂಬಲ್ಲಿ ಕರೆಯದೇ ಬರುವುದೂ ಅದೇ ‘ಅಪ್’. ‘ಪಿಕ್ ಯೂ ಫ್ರಮ್’ನಲ್ಲಿ ಸರ್ವನಾಮವು ‘ಪಿಕ್’ಗೆ ಅಂಟಿ ಸರಿಯಾದ ಜಾಗದಲ್ಲೇ ಇರುವುದನ್ನು ಗಮನಿಸಬೇಕು. ಬಿಡಿಸಬೇಕಾದ ಕಡೆ ಬಿಡಿಸುವ ಬದಲು ತುಂಡನ್ನೇ ಕೈಬಿಟ್ಟು ಸಮಸ್ಯೆಯನ್ನು ಬಗೆಹರಿಸಿಕೊಂಡಂತೆ ತೋರುತ್ತದೆ. ಇದು ಊಹೆ, ‘ಪಿಕ್ ಮೈ ಕಾಲ್’ನಲ್ಲಿ ಸರ್ವನಾಮ ಕರ್ಮವೇ ಇಲ್ಲದಿರುವುದರಿಂದ ಅದಕ್ಕೆ ಬೇರೆ ವಿವರಣೆ ಬೇಕಾದೀತು. ಸರ್ವನಾಮ ಕರ್ಮದೊಡನೆ ‘ಅಪ್’ ಲೋಪವಾಗುವ ಪ್ರಮಾಣವನ್ನು ನಾಮಪದ ಕರ್ಮದ ಪ್ರಮಾಣದೊಡನೆ ಹೋಲಿಸುವ ಧ್ವನಿಮುದ್ರಿತ ದತ್ತಾಂಶವೊಂದೇ ಇದನ್ನು ಇತ್ಯರ್ಥಗೊಳಿಸಬಲ್ಲದು.

ಅಲ್ಲಿಯವರೆಗೆ ಪ್ರಶ್ನೆಪತ್ರಿಕೆಯಲ್ಲಾದರೂ ಒಂದು ಬದಲಾವಣೆ ಸಾಧ್ಯ. ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬುದರ ಜಾಗದಲ್ಲಿ ಒಂದು ಸಾಲಿನ ಪ್ರಶ್ನೆಯನ್ನು ಕೊಟ್ಟು ‘ಪಿಕ್ ಅಪ್’ ಬಳಸಿ ಉತ್ತರಿಸಲು ಹೇಳಬಹುದು: ‘ಹೂ ಈಸ್ ಬ್ರಿಂಗಿಂಗ್ ಯುವರ್ ಸಿಸ್ಟರ್ ಫ್ರಮ್ ದ ಬಸ್ ಸ್ಟಾಂಡ್?’ ಉತ್ತರಿಸುವವರು ‘ಹರ್’ ಅನ್ನು ಎಲ್ಲಿ ಇಡುತ್ತಾರೆ, ‘ಅಪ್’ ಅನ್ನು ಉಳಿಸಿಕೊಳ್ಳುತ್ತಾರೆಯೇ ಎಂಬುದು ಆಗ ಮೌಲ್ಯಮಾಪಕರ ಕಣ್ಣಿಗೆ ಬೀಳುತ್ತದೆ.