ಗೋಡೆ ಕಟ್ಟಿಸಿದವನೂ ಸಾಲ ಕೊಟ್ಟವನೂ

ಸಭಾಪಾಲಕರಿಗೆ ಸೇವೆಯ ಯೋಜನೆ ಕಲಿಸುವ ಶಿಬಿರಗಳಲ್ಲಿ ನೆಹೆಮೀಯನಿಗೆ ಸಿಗುವಷ್ಟು ಮನ್ನಣೆ ಮೋಶೆಗೂ ಇಲ್ಲ, ಪೌಲನಿಗೂ ಇಲ್ಲ. ಅವನು ರಾತ್ರಿ ಹೊತ್ತು ಯಾರಿಗೂ ಹೇಳದೆ ಕುಸಿದ ಗೋಡೆಯನ್ನು ಸುತ್ತಿ ನೋಡಿದ್ದು ಸಮೀಕ್ಷೆ. ಮೂರನೆಯ ಅಧ್ಯಾಯದ ಹೆಸರುಗಳ ಪಟ್ಟಿ ಕೆಲಸ ಹಂಚಿಕೆ. ಸನ್ಬಲ್ಲಟ, ಟೋಬೀಯರ ಹಂಗಣೆ ಎಂದರೆ ಅಡೆತಡೆ. 52 ದಿನಗಳಲ್ಲಿ ಗೋಡೆ ಮುಗಿದದ್ದು ಗುರಿಸಾಧನೆ. ಸಿರಿಲ್ ಬಾರ್ಬರ್ 1976ರಲ್ಲಿ, ಚಾರ್ಲ್ಸ್ ಸ್ವಿಂಡಾಲ್ 1978ರಲ್ಲಿ, ಜಾನ್ ವೈಟ್ 1986ರಲ್ಲಿ ಈ ಪುಸ್ತಕವನ್ನು ನಾಯಕತ್ವದ ಪಾಠವಾಗಿ ಓದಿ ತೋರಿಸಿದ ಮೇಲೆ ಅದೇ ಓದು ರೂಢಿಯಾಯಿತು. 1995ರಲ್ಲಿ ಬಂದ ರಿಕ್ ವಾರೆನ್ನನ ಉದ್ದೇಶಪ್ರೇರಿತ ಸಭೆಯ ಪುಸ್ತಕ ಯೋಜನೆಯ ಉತ್ಸಾಹವನ್ನು ಇನ್ನಷ್ಟು ಏರಿಸಿತು. ಆ ಚರಿತ್ರೆ ಓದುಗರಿಗೆ ಗೊತ್ತಿರುವುದೇ.

ಈ ಓದು ಬೈಬಲಿನ ಮೇಲೆ ನಿಂತಿದೆ ಎಂದು ಹೇಳಿಕೊಳ್ಳುತ್ತದೆ. ನಿಂತಿಲ್ಲ ಎಂಬುದು ನನ್ನ ವಾದ. ಅದು ನಿಲ್ಲದೆ ಜಾರುವ ಜಾಗ ಐದನೆಯ ಅಧ್ಯಾಯ.

ಶಿಬಿರಗಳಲ್ಲಿ ಆ ಅಧ್ಯಾಯವನ್ನು ಬಿಟ್ಟೇಬಿಡುತ್ತಾರೆ ಎಂದರೆ ತಪ್ಪಾದೀತು. ನಾಲ್ಕನೆಯದು ಹೊರಗಿನ ಅಡ್ಡಿ, ಐದನೆಯದು ಒಳಗಿನ ಅಡ್ಡಿ ಎಂದು ಶೀರ್ಷಿಕೆ ಕೊಟ್ಟು ಅರ್ಧ ಗಂಟೆಯಲ್ಲಿ ದಾಟಿಸುತ್ತಾರೆ. ಕೆಲಸ ನಿಂತೀತು ಎಂದು ನಾಯಕ ಜಗಳ ಬಗೆಹರಿಸಿದ, ಕೆಲಸ ಮುಂದುವರಿಯಿತು, ಅಷ್ಟೆ. ಆದರೆ ಅಲ್ಲಿ ನಡೆದದ್ದು ಜಗಳವಲ್ಲ. ಜನ ತಮ್ಮ ಹೆಂಡಿರೊಂದಿಗೆ ಬಂದು ಗೋಳಿಡುತ್ತಾರೆ. ಹೆಂಗಸರೂ ಬಂದರೆಂದು ಬರೆದವನು ಬಿಡದೆ ಹೇಳುತ್ತಾನೆ. ಗೋಳು ಮೂರು ಬಗೆಯದು. ಮಕ್ಕಳು ಹೆಚ್ಚು, ತಿನ್ನಲು ಕಾಳಿಲ್ಲ ಎನ್ನುವವರು ಕೆಲವರು. ಬರದಲ್ಲಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟವರು ಕೆಲವರು. ಅರಸನ ಕಂದಾಯಕ್ಕೆ ಸಾಲ ಮಾಡಿದವರು ಇನ್ನು ಕೆಲವರು. ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ಜೀತಕ್ಕೆ ಸೇರಿದ್ದಾರೆ, ಬಿಡಿಸಿಕೊಳ್ಳುವ ಶಕ್ತಿ ಯಾರಲ್ಲೂ ಇಲ್ಲ. ಸಾಲ ಕೊಟ್ಟವರು ಪಾರಸಿಯವರಲ್ಲ, ಸ್ವಂತ ಸಹೋದರರು.

ಈ ಅಧ್ಯಾಯದಲ್ಲಿ ಗೋಡೆ ಒಂದು ಮೊಳವೂ ಏಳುವುದಿಲ್ಲ. ದೊಡ್ಡ ಸಭೆ ಸೇರಿಸಿ ಸಾಲದ ವಿಚಾರಣೆ ನಡೆಸುವುದು 52 ದಿನಗಳ ಧಾವಂತದ ನಡುವೆ ಆಗುವ ಮಾತಲ್ಲ, ಈ ಘಟನೆ ಆಮೇಲಿನದು ಎಂದು ಕೆಲವು ಪಂಡಿತರು ವಾದಿಸುತ್ತಾರೆ. ಆಮೇಲಿನದೇ ಆಗಿದ್ದರೆ ನನ್ನ ವಾದ ಇನ್ನೂ ಗಟ್ಟಿಯಾಗುತ್ತದೆ: ಬರೆದವನು ಅದನ್ನು ಬೇಕೆಂದೇ ಗೋಡೆಯ ಕಥೆಯ ನಡುಮಧ್ಯಕ್ಕೆ ತಂದಿಟ್ಟಿದ್ದಾನೆ. ಇನ್ನೊಂದು ಲೆಕ್ಕವೂ ಇದೆ. ಗೋಡೆ ಮುಗಿದದ್ದು ಎಲೂಲ್ ತಿಂಗಳ 25ರಂದು, ನಮ್ಮ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ. ಆ ಸೀಮೆಯಲ್ಲಿ ಅದು ದ್ರಾಕ್ಷಿಯ ಸುಗ್ಗಿ. ಗಂಡಸರ ಕೈಯಲ್ಲಿ ಕುಡುಗೋಲಿರಬೇಕಾದ ವಾರಗಳಲ್ಲಿ ಕಲ್ಲು ಹೊರಿಸಿದ ಯೋಜನೆ ಇದು. ಬಡವರ ಮನೆಯ ದುಡಿಮೆಗೆ ಅದರಿಂದ ಪೆಟ್ಟು ಬೀಳದೆ ಇರಲು ಸಾಧ್ಯವೇ?

ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಹತ್ತನೆಯ ವಚನ. ನೆಹೆಮೀಯ ಶ್ರೀಮಂತರನ್ನೂ ಅಧಿಕಾರಿಗಳನ್ನೂ ಗದರಿಸುತ್ತಾನೆ, ಸಭೆ ಸೇರಿಸುತ್ತಾನೆ. ಆಮೇಲೆ ತಾನೂ ತನ್ನ ಸಹೋದರರೂ ಸೇವಕರೂ ಅದೇ ಜನಕ್ಕೆ ಹಣವನ್ನೂ ಕಾಳನ್ನೂ ಸಾಲವಾಗಿ ಕೊಟ್ಟಿದ್ದೇವೆಂದು ಎಲ್ಲರೆದುರು ಹೇಳಿ, ಈ ಪದ್ಧತಿಯನ್ನು ನಾವೆಲ್ಲ ಬಿಟ್ಟುಬಿಡೋಣ ಎನ್ನುತ್ತಾನೆ. ನಾಯಕನೂ ಸಾಲಿಗರ ಸಾಲಿನಲ್ಲೇ ನಿಂತಿದ್ದಾನೆ. ಹೊಲ, ತೋಟ, ಎಣ್ಣೆಮರಗಳು, ಮನೆ, ನೂರಕ್ಕೊಂದರ ಬಡ್ಡಿ, ಎಲ್ಲವೂ ಆ ದಿನವೇ ಹಿಂದಿರುಗಬೇಕು. ಯಾಜಕರನ್ನು ಕರೆಸಿ ಆಣೆ ಮಾಡಿಸುತ್ತಾನೆ, ಉಡುಪಿನ ಮಡಿಲು ಝಾಡಿಸಿ ತೋರಿಸುತ್ತಾನೆ. ಮುಂದೆ ಹನ್ನೆರಡು ವರ್ಷ ಅಧಿಪತಿಗೆ ಸಲ್ಲುವ ಆಹಾರದ ಭತ್ಯೆಯನ್ನು ಮುಟ್ಟಲಿಲ್ಲ, ಒಂದು ತುಂಡು ಭೂಮಿಯನ್ನೂ ಕೊಳ್ಳಲಿಲ್ಲ ಎಂದು ದಾಖಲಿಸುತ್ತಾನೆ. ಗೋಡೆ ಎದ್ದ ಪಟ್ಟಣದಲ್ಲಿ ಭೂಮಿಯ ಬೆಲೆ ಏನಾಗುತ್ತದೆಂದು ಬಲ್ಲವರಿಗೆ ಆ ಕೊನೆಯ ಮಾತಿನ ತೂಕ ತಿಳಿಯುತ್ತದೆ. ಇದನ್ನು ‘ಆಂತರಿಕ ಅಡ್ಡಿಯ ನಿರ್ವಹಣೆ’ ಎಂದು ಕರೆಯುವ ಪಾಠಕ್ಕೆ ಬೈಬಲಿನ ಆಧಾರವಿದೆಯೆಂದು ಯಾವ ಬಾಯಿಂದ ಹೇಳುವುದು?

ಅಡ್ಡಗದ್ದೆ, ಕೊಪ್ಪ, ನರಸಿಂಹರಾಜಪುರದ ನಡುವೆ ಓಡಾಡಿ ಚದುರಿದ ಮನೆಗಳನ್ನು ಕಾಯುವ ಸಭಾಪಾಲಕನ ಕೈಗೆ ಈ ಪಾಠ ಬಂದಾಗ ಏನಾಗುತ್ತದೆಂದು ಯೋಚಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಸಂಜೆಯ ಕೂಟಕ್ಕೆ ಲೈನ್ ಮನೆಯಿಂದ ಯಾರು ಹೊರಬೀಳುತ್ತಾರೆ? ಮಳೆ ಹಿಂದಾದೊಡನೆ ಅಡಿಕೆಯ ಕೊನೆಕೊಯ್ಲು, ರಾತ್ರಿಯವರೆಗೂ ಸುಲಿತ. ಅದರ ಬೆನ್ನಿಗೆ ಕಾಫಿ ಹಣ್ಣಿನ ಕೊಯ್ಲು. ಶಿಬಿರದ ನಕಾಶೆಯಲ್ಲಿ ಸುವಾರ್ತಾ ಕೂಟಗಳೂ ಮನೆಭೇಟಿಯೂ ತುಂಬಿರುವ ಡಿಸೆಂಬರ್‌ನಲ್ಲೇ ಹೆಂಗಸರ ಕೈ ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಹಳದಿ ಎಲೆ ರೋಗ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ, ಈಚೆಗೆ ಎಲೆಚುಕ್ಕಿಯೂ ಸೇರಿದೆ. ತೋಟದವನಿಗೆ ಬೆಳೆಸಾಲ, ಕೂಲಿಯವನಿಗೆ ಬಟವಾಡೆಯಲ್ಲಿ ಮುರಿದುಕೊಳ್ಳುವ ಮುಂಗಡ, ಹೆಂಗಸರಿಗೆ ವಾರದ ಕಂತು. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು ಸರಕಾರವೇ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಐದನೆಯ ಅಧ್ಯಾಯಕ್ಕೆ ಇದಕ್ಕಿಂತ ಹತ್ತಿರದ ಭಾಷ್ಯ ಬೇಕಿಲ್ಲ. ಆದರೂ ವಾರ್ಷಿಕ ಯೋಜನೆಯ ಹಾಳೆಯಲ್ಲಿ ಹಾಜರಿ, ಕಾಣಿಕೆ, ದೀಕ್ಷಾಸ್ನಾನಗಳಿಗೆ ಕಂಬಸಾಲುಗಳಿರುತ್ತವೆ, ಸಾಲಕ್ಕೆ ಇರುವುದಿಲ್ಲ.

ಶಿಬಿರಗಳಿಂದ ಒಳಿತಾಗಿಲ್ಲವೆಂದಲ್ಲ. ಲೆಕ್ಕ ಬರೆದಿಡುವುದನ್ನು, ಹಿರಿಯರೊಂದಿಗೆ ಕೆಲಸ ಹಂಚಿಕೊಳ್ಳುವುದನ್ನು ಅನೇಕರು ಕಲಿತದ್ದು ಅಲ್ಲಿಯೇ. ಅದು ಸಣ್ಣ ಲಾಭವಲ್ಲ.

ಈ ಶಿಬಿರಗಳನ್ನು ನನಗಿಂತ ಮುಂಚೆ ಟೀಕಿಸಿದವರ ಜೊತೆಗೂ ನನ್ನ ತಕರಾರಿದೆ. ಒಂದು ಗುಂಪು ವಚನಾನುಕ್ರಮದ ಪ್ರಸಂಗವನ್ನು ಹಿಡಿದವರು. ವಿಷಯವನ್ನು ಮೊದಲೇ ಗೊತ್ತುಮಾಡಿಕೊಂಡು ವಚನ ಹುಡುಕುವುದೇ ದೋಷ, ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಬೋಧಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಹೋಗುವುದಿಲ್ಲ. ಸಾಲವನ್ನು ಪಾಪದ ಸಾಲವಾಗಿಯೂ ಜೀತವನ್ನು ಮನಸ್ಸಿನ ಜೀತವಾಗಿಯೂ ತಿರುಗಿಸಿಬಿಟ್ಟರೆ ಒಂದು ವಚನವನ್ನೂ ಬಿಡದೆ ನೆಹೆಮೀಯನನ್ನು ಬೋಧಿಸಬಹುದು. ಈ ಗುಂಪು ತನ್ನ ಗುರುವೆಂದು ಹೇಳಿಕೊಳ್ಳುವ ಜಾನ್ ಸ್ಟಾಟ್ 1982ರಲ್ಲಿ ಪ್ರಸಂಗವನ್ನು ಎರಡು ಲೋಕಗಳ ನಡುವಿನ ಸೇತುವೆ ಎಂದ. ಶಿಷ್ಯರು ಈ ಕಡೆಯ ದಡಕ್ಕೆ ಬಂದು ಇಳಿಯುವುದೇ ಇಲ್ಲ.

ಇನ್ನೊಂದು ಗುಂಪಿನವರು ಯೋಜನೆ ಎಂಬುದೇ ಅಮೆರಿಕದ ವ್ಯಾಪಾರಿ ಬುದ್ಧಿ ಎಂದು ಮೂಗು ಮುರಿಯುತ್ತಾರೆ. ಬಡವರ ಪರ ಮಾತಾಡುವ ಇವರ ಬಗ್ಗೆ ನನಗೆ ಗೌರವವಿದೆ. ಆದರೆ ಮೂರನೆಯ ಅಧ್ಯಾಯ ಯೋಜನೆಯಲ್ಲದೆ ಇನ್ನೇನು? ತೆಕೋವದ ಶ್ರೀಮಂತರು ಹೆಗಲು ಕೊಡಲಿಲ್ಲ ಎಂದೂ ಶಲ್ಲೂಮನು ತನ್ನ ಹೆಣ್ಣುಮಕ್ಕಳೊಂದಿಗೆ ಕಟ್ಟಿದನೆಂದೂ ಅದರಲ್ಲಿ ಬರೆದಿದೆ. ಅಷ್ಟು ಕರಾರುವಾಕ್ಕಾಗಿ ಬರೆದಿಟ್ಟಿದ್ದರಿಂದಲೇ ಯಾರು ದುಡಿದರು, ಯಾರು ನುಣುಚಿಕೊಂಡರು ಎಂಬುದು ಇಂದಿಗೂ ಗೊತ್ತು. ನಾಲ್ಕಾರು ಊರುಗಳನ್ನು ಒಬ್ಬನೇ ಸುತ್ತುವ ಪಾಲಕನಿಗೆ ಯೋಜನೆ ಬೇಡವೆನ್ನುವುದು ತಿಂಗಳ ಸಂಬಳ ತಪ್ಪದೆ ಬರುವವರ ಮಾತು.

ಈ ಗುಂಪಿನವರು ಒಂದು ಅಪಾಯವನ್ನು ಮಾತ್ರ ಸರಿಯಾಗಿ ಗುರುತಿಸಿದ್ದಾರೆ. ಗೋಡೆಯನ್ನೇ ಸಭೆಯ ರೂಪಕ ಮಾಡಿಕೊಂಡರೆ ಸನ್ಬಲ್ಲಟ ಯಾರು ಎಂಬ ಪ್ರಶ್ನೆ ಏಳುತ್ತದೆ. ಶಾರದಾ ಪೀಠದ ನೆರಳಿನ ತಾಲ್ಲೂಕಿನಲ್ಲಿ ಉತ್ತರ ಬಲು ಸುಲಭವಾಗಿ ಪಕ್ಕದ ಮನೆಯವನಾಗಿಬಿಡುತ್ತಾನೆ. ಕಾರ್ಕಳದಲ್ಲಿ ಹುಟ್ಟಿ, 1952ರಿಂದ 1960ರವರೆಗೆ ಮಂಗಳೂರಿನ ದೇವಜ್ಞಾನ ಶಾಲೆಯ ಪ್ರಾಂಶುಪಾಲರಾಗಿದ್ದ ಸ್ಟ್ಯಾನ್ಲಿ ಸಮರ್ಥರು ಮುಂದೆ ಬದುಕನ್ನೆಲ್ಲ ಅನ್ಯಧರ್ಮೀಯರೊಂದಿಗಿನ ಸಂವಾದಕ್ಕೆ ಮುಡಿಪಿಟ್ಟದ್ದು ಇಂಥ ಓದಿಗೆ ಕೊಟ್ಟ ಉತ್ತರವೂ ಹೌದು. ಸಾಲದ ಕಂತು ಕಟ್ಟುವ ದಿನ ಕ್ರೈಸ್ತ ಹೆಂಗಸೂ ಅವಳ ನೆರೆಯವಳೂ ಒಂದೇ ಜಗುಲಿಯಲ್ಲಿ ಕೂತಿರುತ್ತಾರೆ.

ಕನ್ನಡ ನಾಡಿನ ಸಭೆಗೆ ಈ ಪ್ರಶ್ನೆ ಹೊಸದೇನೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಮತಾಂತರಿತರ ಹೊಟ್ಟೆಪಾಡಿಗೆಂದು ನೇಯ್ಗೆ ನಡೆಸಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹೆರ್ಮನ್ ಮೋಗ್ಲಿಂಗ್ ಕೊಡಗಿನಲ್ಲಿ ಭೂಮಿಯಿಲ್ಲದ ಹೊಲೆಯರಿಗಾಗಿ ಆನಂದಪುರ ಕಟ್ಟಿದ. ಶಿಬಿರದ ಯಾವ ಹಾಳೆಗಿಂತಲೂ ಇವು ಐದನೆಯ ಅಧ್ಯಾಯಕ್ಕೆ ಹತ್ತಿರದವು. ಆದರೆ ದೀಕ್ಷೆ ಕೊಟ್ಟ ಕೈಯೇ ಕೂಲಿಯನ್ನೂ ಕೊಡುವಾಗ, ಕೂಲಿಯ ಬಗ್ಗೆ ದೂರು ಹೇಳಲು ಆಳು ಯಾರ ಬಳಿ ಹೋಗಬೇಕು? ಹತ್ತನೆಯ ವಚನ ಅಲ್ಲಿ ಮಿಷನ್ನಿನ ಮೇಲೆಯೇ ತಿರುಗಬೇಕಿತ್ತು. ಈಗ ಅದು ಸಭಾ ಸಮಿತಿಯ ಮೇಲೆ ತಿರುಗಬೇಕು. ಮೇಸ್ತ್ರಿಯೋ ರೈಟರೋ ಬಡ್ಡಿಗೆ ಹಣ ಬಿಡುವವನೋ ಆಗಿರುವ ಹಿರಿಯನೂ ಅವನ ಸಾಲಗಾರನೂ ಒಂದೇ ಬೆಂಚಿನಲ್ಲಿ ಕೂತು ರೊಟ್ಟಿ ಮುರಿಯುವ ಸಭೆಯಲ್ಲಿ, ಪಾಲಕ ಈ ಅಧ್ಯಾಯವನ್ನು ಯಾವ ಭಾನುವಾರ ಓದಬೇಕು, ಓದುವ ಮುಂಚೆ ಯಾರ ಮನೆಗೆ ಹೋಗಿ ಏನು ಕೇಳಬೇಕು, ತನ್ನ ಸ್ವಂತ ಕೊಡುಕೊಳ್ಳುವಿಕೆಯಲ್ಲಿ ಮೊದಲು ಏನನ್ನು ಸರಿಪಡಿಸಿಕೊಳ್ಳಬೇಕು ಎಂಬುದನ್ನು ಶಿಬಿರದ ಮೊದಲ ದಿನವೇ ಕಲಿಸಲಿ. ಗೋಡೆಯ ಪಾಠ ಎರಡನೆಯ ದಿನಕ್ಕೆ ಇರಲಿ.